ಮೆಣಸಿನಕಾಯಿ ರೊಕ್ಕದ ನಾಟಕ: ಹಾವೇರಿ ಜಿಲ್ಲೆಯ ಒಂದು ಊರಿನ ಲೆಕ್ಕ

ಈ ಪ್ರಕರಣದಲ್ಲಿ ನಾನು ಲೆಕ್ಕ ಬರೆದವನು. ನಾಟಕ ಮಾಡಿದವನಲ್ಲ, ಹೊಲ ಮಾಡಿದವನೂ ಅಲ್ಲ. ಧಾರವಾಡದ ಒಂದು ಸಣ್ಣ ಟ್ರಸ್ಟ್‌ನಲ್ಲಿ ವೋಚರ್ ಹಚ್ಚುವುದು, ಬ್ಯಾಂಕಿಗೆ ಓಡಾಡುವುದು, ಆಡಿಟರ್ ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ಕೆಲಸ. 2023ರ ಏಪ್ರಿಲ್‌ನಿಂದ 2024ರ ಸೆಪ್ಟೆಂಬರ್‌ವರೆಗೆ ಹಾವೇರಿ ಜಿಲ್ಲೆಯ ಒಂದು ಊರಿನ ರೈತರು ಮತ್ತು ನಮ್ಮ ಟ್ರಸ್ಟ್‌ನ ಇಬ್ಬರು ರಂಗಕರ್ಮಿಗಳು ಕೂಡಿ ಒಂದು ನಾಟಕ ಕಟ್ಟಿದರು. ಗಂಡ ಹೆಂಡತಿ ಇಬ್ಬರೂ ನಿರ್ದೇಶಕರೇ. ಬೆಂಗಳೂರಿನ ಒಂದು ಪ್ರತಿಷ್ಠಾನ ಅದಕ್ಕೆ 3 ಲಕ್ಷ ರೂಪಾಯಿ ಕೊಟ್ಟಿತು. ಊರು, ಜನ, ಪ್ರತಿಷ್ಠಾನ ಯಾವುದರ ಹೆಸರೂ ಬರೆಯುವುದಿಲ್ಲ. ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನಾನು ತಪ್ಪಿದ ಕಡೆ ಸೇರಿಸಿ.

ಊರಿಂದ ಬ್ಯಾಡಗಿ ಪೇಟೆಗೆ ಟಂಟಂನಲ್ಲಿ ಮುಕ್ಕಾಲು ತಾಸು. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ. ಮಸಾರಿ, ಅಂದರೆ ಕೆಂಪು ಮಣ್ಣಿನ ಕಡೆ ಗೋವಿನಜೋಳ. ಬೋರ್ ಇರುವ ಏಳೆಂಟು ಮನೆಯವರು ಹತ್ತಿ ಬೀಜೋತ್ಪಾದನೆಯನ್ನೂ ಮಾಡುತ್ತಾರೆ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಊರಲ್ಲಿ ಇದಕ್ಕೆ ಕ್ರಾಸಿಂಗ್ ಅಂತಲೇ ಹೆಸರು. ಪೂರ್ತಿ ಹೆಂಗಸರ ಕೈಕೆಲಸ.

ಈ ಭಾಗದ ಬಹಳಷ್ಟು ಊರುಗಳ ಹಾಗೆ ಇಲ್ಲಿಯೂ ಯುಗಾದಿ ದಾಟಿದ ಮೇಲೆ ಜಾತ್ರೆಗೆ ನಾಟಕ ಆಗುತ್ತದೆ. ಗಂಡು ಪಾರ್ಟು ಊರ ಹುಡುಗರದು. ಹೆಣ್ಣು ಪಾರ್ಟಿಗೆ ಗದಗ, ಹುಬ್ಬಳ್ಳಿ ಕಡೆಯ ವೃತ್ತಿ ಕಲಾವಿದೆಯರು ಬರುತ್ತಾರೆ. ಅವರಿಗೆ ಮೊದಲು ಸಂಚಕಾರ, ಅಂದರೆ ಮುಂಗಡ, ಕೊಡಬೇಕು, ಉಳಿದದ್ದನ್ನು ಮುಖಕ್ಕೆ ಬಣ್ಣ ಹಚ್ಚುವ ಮುಂಚೆ ಕೈಯಲ್ಲಿ ಇಡಬೇಕು. ಹಾರ್ಮೋನಿಯಂ ನುಡಿಸಿ ಹಾಡು ಕಲಿಸುವ ಪೇಟಿ ಮಾಸ್ತರ ಎರಡು ತಿಂಗಳು ಊರಲ್ಲೇ ವಸ್ತಿ. ಊಟ ದಿನಕ್ಕೊಂದು ಮನೆಯಲ್ಲಿ. ಸೀನರಿ ಬಾಡಿಗೆಗೆ ಬರುತ್ತದೆ.

ರೊಕ್ಕ ಎಲ್ಲಿಂದ? ಪಾರ್ಟು ಮಾಡುವವನು ಪಾರ್ಟಿನ ತೂಕ ನೋಡಿ ಹಾಕುತ್ತಾನೆ. ಹೀರೋಗೆ ಜಾಸ್ತಿ, ಒಂದೇ ಸಲ ಬಂದು ಸಲ್ಯೂಟ್ ಹೊಡೆದು ಹೋಗುವ ಪೊಲೀಸನಿಗೆ ಕಡಿಮೆ. ಮೇಲೆ ಮನೆಮನೆಗೆ ಪಟ್ಟಿ, ಅಂದರೆ ವಂತಿಗೆ. ಇಲ್ಲದವರು ಕಾಳು ಕೊಡುತ್ತಾರೆ. ನಾಟಕದ ರಾತ್ರಿ ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿ ಆಹೇರಿ, ಅಂದರೆ ಉಡುಗೊರೆ ರೊಕ್ಕ, ನಡುವೆ ತೆಂಗಿನಕಾಯಿ ಸವಾಲು, ಅಂದರೆ ಹರಾಜು. ಇಷ್ಟರಲ್ಲಿ ಮುಗಿಯುತ್ತದೆ. ಮುಗಿಯದಿದ್ದರೆ ಯಾರೋ ಒಬ್ಬರು ಕೈಯಿಂದ ಹಾಕಿ ಮುಂದಿನ ವರ್ಷದವರೆಗೂ ಅದನ್ನೇ ಹೇಳುತ್ತಾ ತಿರುಗುತ್ತಾರೆ.

ಕಲಾವಿದರಿಗೆ ರೈತ ಕೊಡುವುದು ನಮ್ಮ ಕಡೆ ಹೊಸದಲ್ಲ. ಹೆಳವರು ಬಂದು ಮನೆತನದ ವಂಶಾವಳಿ ಹೇಳಿದರೆ ಕಾಳು, ಬಟ್ಟೆ, ಕೈ ಮುಂದಾದ ವರ್ಷ ದನವನ್ನೂ ಕೊಟ್ಟು ಕಳಿಸುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಕೊಟ್ಟದ್ದು ಹೇಗೆ? ಆಶ್ರಮದ್ದೇ ನಾಟಕ ಕಂಪನಿ ಊರೂರು ತಿರುಗಿ ಗಳಿಸಿದ್ದು ಒಂದು ಕಡೆ, ಹಳ್ಳಿ ಜನ ಪುಟ್ಟರಾಜ ಗವಾಯಿಗಳಿಗೆ ಮಾಡಿದ ತುಲಾಭಾರಗಳು ಇನ್ನೊಂದು ಕಡೆ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಲ್ಲಂತೂ ರೈತಾಪಿ ಜನರೇ ತಂಡ ಕಟ್ಟಿಕೊಂಡು ಹೊರಗಡೆ ಹೋಗಿ ನಾಟಕ ಆಡಿ ಬಂದಿದ್ದಾರೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೂ ಅರ್ಜಿ ಬರೆಯುವಾಗ ಇದ್ಯಾವುದೂ ತಲೆಯಲ್ಲಿ ಬರಲಿಲ್ಲ. ಅರ್ಜಿಯ ಕಾಲಂಗಳು ಹಾಗೆಯೇ ಇರುತ್ತವೆ, ಬೇರೆ ಏನನ್ನೂ ನೆನಪಿಸುವುದಿಲ್ಲ.

ಅರ್ಜಿ

ಮೊದಲು ಊರಿನ ರೈತ ಉತ್ಪಾದಕ ಕಂಪನಿಯನ್ನು ಕೇಳಿದೆವು. 2020ರಲ್ಲಿ ಕೇಂದ್ರ ಸರಕಾರ 10,000 ಇಂಥ ಸಂಸ್ಥೆ ಕಟ್ಟುವ ಯೋಜನೆ ತಂದಿತಲ್ಲ, ಅದರ ಅಡಿಯಲ್ಲಿ ಆದದ್ದು. ಷೇರು ಹಣಕ್ಕೆ ಸರಿಸಮವಾಗಿ ಸದಸ್ಯರೊಬ್ಬರ ಲೆಕ್ಕದಲ್ಲಿ 2,000 ರೂಪಾಯಿವರೆಗೆ, ಒಂದು ಸಂಸ್ಥೆಗೆ ಗರಿಷ್ಠ 15 ಲಕ್ಷ ಅನುದಾನ ಸಿಗುತ್ತಿತ್ತು. ಆದರೆ ಆ ರೊಕ್ಕ ಬೀಜ, ಗೊಬ್ಬರ, ವ್ಯಾಪಾರಕ್ಕೆ. ಅದರ ಸಿಇಒ ಹುಡುಗ ನೇರ ಹೇಳಿದ: "ಸರ, ನಾಟಕಕ್ಕ ಅಂತ ಬರದರ ನನ್ನ ನೌಕರಿ ಹೋಗತೈತ್ರಿ."

ಆಮೇಲೆ ಒಂದು ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆ ವಿಭಾಗ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆಗೂ ಜಾಗ ಇದೆ. ಅವರಿಗೆ ಮೂರು ಊರು, ಮೂರು ಪ್ರದರ್ಶನ, ಮೂರು ತಿಂಗಳಲ್ಲಿ ಬೇಕಿತ್ತು. ಕೈಮುಗಿದು ಬಂದೆವು.

ಕೊನೆಗೆ ಪ್ರತಿಷ್ಠಾನ. ಒಟ್ಟು 4,50,000 ರೂಪಾಯಿ ಬಜೆಟ್. ಅದರಲ್ಲಿ 3,00,000 ಅವರದು: ಮೊದಲ ಕಂತು 1,20,000, ಎರಡನೆಯದು 1,20,000, ಕೊನೆಯ 60,000 ಆಡಿಟ್ ಆದ ಮೇಲೆ. ಊರಿನದು 1,50,000. ಅದರೊಳಗೆ 60,000 ಪಟ್ಟಿಯ ನಗದು, 90,000 'ಸ್ಥಳೀಯ ಕೊಡುಗೆ'.

ನಗದು ಖರ್ಚಿನ 3,60,000 ಹೀಗೆ ಹಂಚಿದ್ದೆ. ನಿರ್ದೇಶಕರಿಬ್ಬರಿಗೆ ಕೂಡಿ 90,000, ಪೇಟಿ ಮತ್ತು ತಬಲಾಕ್ಕೆ 36,000, ಮೂವರು ಕಲಾವಿದೆಯರಿಗೆ 54,000, ಪರದೆ ಬರೆಯುವವರಿಗೆ 40,000, ಸೀನರಿ, ಲೈಟು, ಮೈಕಿಗೆ 55,000, ಓಡಾಟಕ್ಕೆ 25,000, ವಿಡಿಯೊ ದಾಖಲಾತಿಗೆ 30,000, ಆಡಿಟ್ ಮತ್ತು ಕಚೇರಿಗೆ 30,000.

ಈಗ ಆ 90,000ದ ಕಥೆ ಕೇಳಿ. ವಸ್ತಿ, ಊಟ, ಸ್ಟೇಜಿಗೆ ಟ್ರ್ಯಾಕ್ಟರ್ ಎಲ್ಲ ಸೇರಿ 45,000. ಉಳಿದ 45,000 'ರೈತರ ಸ್ವಯಂಸೇವೆ'. ಹದಿನೇಳು ಜನ ರೈತರು, ಇಷ್ಟು ದಿನ ತಾಲೀಮು, ದಿನಕ್ಕೆ ಇಷ್ಟು ಅಂತ ಗುಣಿಸಿ ನಾನೇ ಹಾಕಿದ್ದೆ. ಯಾರನ್ನೂ ಕೇಳಿರಲಿಲ್ಲ. ಕಲಾವಿದರ ದಿನಕ್ಕೆ ಬೆಲೆ ಕಟ್ಟಿ ಕೊಟ್ಟೆ. ರೈತರ ದಿನಕ್ಕೆ ಬೆಲೆ ಕಟ್ಟಿ, ಅವರೇ ಕೊಟ್ಟರು ಅಂತ ಬರೆದುಕೊಂಡೆ. ಇಂಥ ಅರ್ಜಿಗಳಲ್ಲಿ ಇದು ಎಲ್ಲರೂ ಮಾಡುವ ಕೆಲಸ. ಅಷ್ಟಕ್ಕೇ ಅದು ಸರಿಯಾಗುವುದಿಲ್ಲ, ಅಲ್ವಾ?

ರೊಕ್ಕ ಬಂದಾಗ ಜನ ಇಲ್ಲ

ಒಪ್ಪಂದ ಜುಲೈನಲ್ಲಿ ಆಯಿತು. ಮುಂಗಾರಿ ಬಿತ್ತನೆ ಆದ ಮೇಲೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಸ್ವಲ್ಪ ಪುರಸತ್ತು ಸಿಗುತ್ತದೆ ಅಂತ ತಾಲೀಮು ಆಗ ಇಟ್ಟುಕೊಂಡಿದ್ದೆವು. ನಿರ್ದೇಶಕರು ಒಂದು ಕಾಲೇಜಿನ ಕೆಲಸ ಬಿಟ್ಟು ಆ ಎರಡು ತಿಂಗಳು ಖಾಲಿ ಇಟ್ಟರು. ಮೊದಲ ಕಂತು ಬಂದದ್ದು ಸೆಪ್ಟೆಂಬರ್ 26ಕ್ಕೆ. ಅಷ್ಟರಲ್ಲಿ ಬೀಜೋತ್ಪಾದನೆ ಹೊಲದಲ್ಲಿ ಕ್ರಾಸಿಂಗ್ ಜೋರಾಗಿತ್ತು, ಹಿಂದೆಯೇ ಗೋವಿನಜೋಳದ ಕಟಾವು.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರಕಾರವೇ ಘೋಷಿಸಿತು. ಬರದ ವರ್ಷ ನಾಟಕ ಏಕೆ ಅಂತ ನಾನು ಕೇಳಿದೆ. ಹಿರಿಯರೊಬ್ಬರು ನಕ್ಕರು. "ಮಳಿ ಬಂದ ವರ್ಷ ನಾಟಕ ಮಾಡಾಕ ಟೈಮ್ ಎಲ್ಲಿರತೈತಿ?"

ನವೆಂಬರ್ ನಡುವಿನಿಂದ ರಾತ್ರಿ ತಾಲೀಮು ಶುರುವಾಯಿತು. ಮೊದಲ ಹದಿನೈದು ದಿನ ಬರೀ ಮಾತು. ನಾಟಕದ ಕಥೆ ಹುಟ್ಟಿದ್ದು ಅಲ್ಲಿಯೇ. ಹಳಬರು ಹತ್ತಿ ತಳಿಗಳನ್ನು ಮನೆಗೆ ಬಂದ ಸೊಸೆಯರ ಹಾಗೆ ಹೇಳುತ್ತಿದ್ದರು. "ಮೊದಲ ವರಲಕ್ಷ್ಮಿ ಬಂದಳ್ರಿ. ಆಮ್ಯಾಲ ಜಯಲಕ್ಷ್ಮಿ. ಕಡೀಕ ಬಿಟಿ ಬಂದಳು, ಆಕಿ ತವರಮನಿ ಯಾವುದಂತ ಯಾರಿಗೂ ಗೊತ್ತಿಲ್ಲ." ಅವರ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ. ವರಲಕ್ಷ್ಮಿ ಸಂಕರಣ ತಳಿ 1972ರಲ್ಲಿ ಧಾರವಾಡದಲ್ಲೇ ಡಾ. ಕಟರಕಿ ಅವರ ಕೈಯಲ್ಲಿ ಆದದ್ದು. ಜಯಲಕ್ಷ್ಮಿ, ಅಂದರೆ ಡಿಸಿಎಚ್-32, ಅದೂ ಧಾರವಾಡದ್ದೇ, 1981ರದು. ಬಿಟಿ, ಅಂದರೆ ಕುಲಾಂತರಿ ಹತ್ತಿಗೆ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಒಂದು ಮನೆ, ಮೂವರು ಸೊಸೆಯರು, ಮತ್ತು ಎಲ್ಲರಿಗೂ ಸಾಲ ಕೊಡುವ ಒಬ್ಬ ದಲಾಲಿ. ನಾಟಕ ತಯಾರಾಯಿತು. ಇದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ, ಚಹಾದ್ದು ಬಿಟ್ಟರೆ.

ಸೊಸೆಯರ ಪಾರ್ಟು ಯಾರು ಮಾಡಬೇಕು?

ಡಿಸೆಂಬರ್‌ನಲ್ಲಿ ಪ್ರತಿಷ್ಠಾನದಿಂದ ಒಬ್ಬ ಅಧಿಕಾರಿ ನೋಡಲು ಬಂದರು. ಒಳ್ಳೆಯವರು. ಅವರ ಪ್ರಶ್ನೆಯೂ ಸರಿಯಾದದ್ದೇ. ಊರಿನ ಹೆಣ್ಣುಮಕ್ಕಳು ಏಕೆ ಪಾರ್ಟು ಮಾಡುವುದಿಲ್ಲ? ಹೊರಗಿನ ಕಲಾವಿದೆಯರಿಗೆ 54,000 ಏಕೆ? ಊರವರೇ ಮಾಡಿದರೆ ಆ ದುಡ್ಡೂ ಉಳಿಯುತ್ತದೆ, ಉದ್ದೇಶವೂ ಈಡೇರುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ಆ ಕಲಾವಿದೆಯರಿಗೆ ವರ್ಷದ ದುಡಿಮೆ ಅಂದರೆ ಫೆಬ್ರುವರಿಯಿಂದ ಮೇ, ಹಳ್ಳಿ ಜಾತ್ರೆಗಳ ಕಾಲ. ಊರ ಹೆಣ್ಣುಮಕ್ಕಳಿಗೆ ಅವಕಾಶ ಕೊಡುವ ಹೆಸರಿನಲ್ಲಿ ನಲವತ್ತು ವರ್ಷ ಬಣ್ಣ ಹಚ್ಚಿದವರ ಅನ್ನ ತೆಗೆಯುವುದು ಎಲ್ಲಿಯ ನ್ಯಾಯ? ನಿರ್ದೇಶಕಿ ಆ ದಿನ ಸಿಟ್ಟು ಮಾಡಿಕೊಂಡು ಎದ್ದುಹೋದರು. ಎರಡು ದಿನ ಬಿಟ್ಟು ದಾರಿ ಹೇಳಿದವರು ಆ ಕಲಾವಿದೆಯರಲ್ಲೇ ಹಿರಿಯರು. "ಜನವರಿಯಾಗ ನಮಗ ಖಾಲಿ ಇರತೈತ್ರಿ. ಹದಿನಾಕ ದಿನ ಬಂದು ಕಲಿಸ್ತೀವಿ. ಅವರನ್ನೂ ನಿಲ್ಲಸ್ರಿ, ನಾವೂ ನಿಲ್ಲತೀವಿ. ಮೂರ ಸೊಸ್ತೇರಿದ್ರ ಅವರ ತಾಯಂದ್ರು, ಗೆಳತ್ಯಾರು ಬ್ಯಾಡೇನು?" 18,000ದಂತೆ ಮೂವರಿಗೆ ಅದೇ 54,000. ಹೆಸರು ಮಾತ್ರ ಬದಲಾಯಿತು: ಕಲಿಕೆ ಮತ್ತು ಪಾರ್ಟು.

ಏಳು ಜನ ಹೆಂಗಸರು ಬರಲು ಒಪ್ಪಿದರು. ರಾತ್ರಿ ಮನೆಯಿಂದ ಬರುವ ಹಾಗಿರಲಿಲ್ಲ. ಹಗಲು ಹನ್ನೊಂದರಿಂದ ನಾಲ್ಕು. ಎರಡನೇ ದಿನವೇ ಒಬ್ಬಾಕೆ ನನ್ನ ಹತ್ತಿರ ಬಂದು ನಿಂತಳು. ಸ್ವಂತ ಹೊಲ ಇಲ್ಲ, ಕಾಯಿ ಬಿಡಿಸಲು ಕೂಲಿಗೆ ಹೋಗುವಾಕೆ. "ಅಣ್ಣಾರ, ಅಕ್ಕಾರಿಗೆ ಪಗಾರ ಐತಿ, ಪೇಟಿ ಮಾಸ್ತರಿಗೆ ಐತಿ. ನಾನು ಮುನ್ನೂರ ಬಿಟ್ಟು ಬಂದೀನಿ. ನನಗೇನೈತಿ?"

ಗಂಡಸರಿಗೆ ಈ ಪ್ರಶ್ನೆ ಬಂದಿರಲಿಲ್ಲ. ಅವರು ರಾತ್ರಿ ಬರುತ್ತಿದ್ದರು, ಮೇಲಾಗಿ ಅವರದು ಮುಯ್ಯಿ ಲೆಕ್ಕ. ತಾಲೀಮಿಗೆ ಬಂದವನ ಹೊಲಕ್ಕೆ ಗೆಳೆಯ ನೀರು ಹಾಯಿಸುತ್ತಿದ್ದ. ಆಕೆಗೆ ಹೊಲವೇ ಇಲ್ಲ, ಯಾವ ಮುಯ್ಯಿ? ನಾವು 'ರೈತರು' ಅಂತ ಒಂದೇ ಶಬ್ದದಲ್ಲಿ ಬರೆದಿದ್ದೆವು. ಅದರೊಳಗೆ ಹೊಲ ಇದ್ದವರೂ ಇದ್ದರು, ಅವರ ಹೊಲದಲ್ಲಿ ದುಡಿಯುವವರೂ ಇದ್ದರು.

ಒಪ್ಪಂದದಲ್ಲಿ ಒಂದು ಸಾಲು ನಮ್ಮನ್ನು ಉಳಿಸಿತು. ಅನುದಾನದ ಶೇ 10ರಷ್ಟನ್ನು, ಅಂದರೆ 30,000ವನ್ನು, ಕೇಳದೆ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾಕಬಹುದು. ವಿಡಿಯೊ ತೆಗೆದುಹಾಕಿದೆವು. ಏಳು ಜನ, ಹದಿನಾಲ್ಕು ದಿನ, ದಿನಕ್ಕೆ 300ರಂತೆ 29,400. ಹಾಗಾಗಿ ಈ ನಾಟಕದ ವಿಡಿಯೊ ಅಂತ ಇರುವುದು ಊರ ಹುಡುಗನೊಬ್ಬ ಫೋನಿನಲ್ಲಿ ಹಿಡಿದದ್ದು ಮಾತ್ರ. ಅರ್ಧ ಹೊತ್ತು ಮುಂದೆ ಕೂತವರ ಟೊಪ್ಪಿಗೆಯೇ ಕಾಣುತ್ತದೆ. ನನಗೆ ಬೇಜಾರಿಲ್ಲ.

ಕಲಾವಿದೆಯರಿಗೆ ನಗದು ಬೇಕು, ನನಗೆ ಬ್ಯಾಂಕ್ ದಾಖಲೆ ಬೇಕು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆಯವರು ಆ ಖರ್ಚನ್ನು ಒಪ್ಪುವುದಿಲ್ಲ. ನಾಟಕ ಮುಗಿದ ಮೇಲೆ ಕೈ ಎತ್ತಿದ ಮಂಡಳಿಗಳನ್ನು ಕಲಾವಿದೆಯರು ಬೇಕಾದಷ್ಟು ಕಂಡಿದ್ದಾರೆ, ಚೆಕ್ಕನ್ನು ನಂಬುವುದಿಲ್ಲ. ಎರಡು ಕಂತು ಮಾಡಿ ಕೊಟ್ಟೆವು, ಸಂಚಕಾರ ಅಂತಲೇ ವೋಚರ್ ಬರೆದೆ. ಆಡಿಟರ್‌ಗೆ ಆ ಶಬ್ದ ತಿಳಿಸಲು ಒಂದು ಫೋನ್ ಮಾಡಬೇಕಾಯಿತು.

ಮಾರ್ಚ್ ತಿಂಗಳು

ಎರಡನೇ ಕಂತು ಫೆಬ್ರುವರಿಯಲ್ಲಿ ಬಂತು. ಮಾರ್ಚ್ 31ರೊಳಗೆ ಪ್ರದರ್ಶನ ಮುಗಿಸಬೇಕು. ಮಾರ್ಚ್ ಅಂದರೆ ಬ್ಯಾಡಗಿಯಲ್ಲಿ ಕಾಯಿ ಸುಗ್ಗಿ. ಪಟ್ಟಿ ಎತ್ತಲು ಇದೇ ಒಳ್ಳೆಯ ಕಾಲ, ಕೈಯಲ್ಲಿ ರೊಕ್ಕ ಇರುತ್ತದೆ ಅಂದುಕೊಂಡಿದ್ದೆವು.

ಮಾರ್ಚ್ 11, ಸೋಮವಾರ. ಬ್ಯಾಡಗಿ ಪೇಟೆಯಲ್ಲಿ ಒಣ ಮೆಣಸಿನಕಾಯಿ ದರ ಕುಸಿಯಿತು. ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ರಾತ್ರಿ ತಾಲೀಮಿಗೆ ಬಂದವರು ನಾಲ್ಕೇ ಜನ. ಅವರೂ ಪಾರ್ಟು ಹೇಳಲಿಲ್ಲ, ಫೋನಿನಲ್ಲಿ ಬಂದ ವಿಡಿಯೊ ನೋಡುತ್ತಾ ಕೂತರು. ಐದು ದಿನ ಬಿಟ್ಟು, 16ಕ್ಕೆ, ಲೋಕಸಭೆ ಚುನಾವಣೆ ಘೋಷಣೆ ಆಯಿತು. ನೀತಿ ಸಂಹಿತೆ ಬಂತು.

ಅವಧಿ ಜೂನ್ ಕೊನೆಯವರೆಗೆ ಕೊಡಿ ಅಂತ ಪ್ರತಿಷ್ಠಾನಕ್ಕೆ ಬರೆದೆವು. ಕೊಟ್ಟರು, ಒಂದು ಪೈಸೆ ಹೆಚ್ಚು ಕೊಡುವುದಿಲ್ಲ ಅಂತಲೂ ಬರೆದರು. ಪಟ್ಟಿಯಲ್ಲಿ 60,000 ಬರಬೇಕಾದ ಕಡೆ ನಗದು ಬಂದದ್ದು 23,500. ಕೆಲವರು ಗೋವಿನಜೋಳ ಕೊಟ್ಟರು. ಒಂಬತ್ತು ಕ್ವಿಂಟಲ್ ಆಯಿತು, 2,100ರಂತೆ ಮಾರಿ 18,900. ಕೂಡಿ 42,400.

ಹಾವೇರಿಯಲ್ಲಿ ಮತದಾನ ಮೇ 7ಕ್ಕೆ. ಅದು ಮುಗಿದ ಮೇಲೆ ಮೇ ಮೂರನೇ ವಾರ ಪ್ರದರ್ಶನ ಅಂತ ಗೊತ್ತು ಮಾಡಿದೆವು. ಅನುಮತಿ ಸಿಕ್ಕಿತು, ಆದರೆ ಹತ್ತು ಗಂಟೆಗೆ ಮೈಕ್ ಬಂದ್. ಹಳ್ಳಿ ನಾಟಕ ಶುರುವಾಗುವುದೇ ಹತ್ತಕ್ಕೆ. ಬೆಳತನಕ ನಡೆಯುವ ನಾಟಕವನ್ನು ಎರಡು ಸಂಜೆಗೆ ಒಡೆದೆವು. ಎರಡನೇ ದಿನಕ್ಕೆ ಸೀನರಿ 9,000, ಲೈಟು ಮೈಕು 4,000, ಮೂವರು ಕಲಾವಿದೆಯರಿಗೆ 9,000. ಹೀಗೆ 22,000 ಮೈಮೇಲೆ ಬಂತು.

ಕೈಯಲ್ಲಿ ಎಷ್ಟು ಕಡಿಮೆ ಬಿತ್ತು ನೋಡಿ. ಕೊನೆಯ ಕಂತು 60,000, ಪಟ್ಟಿಯ ಕೊರತೆ 17,600, ಎರಡನೇ ದಿನದ್ದು 22,000. ಒಟ್ಟು 99,600. ಕೊನೆಯ ಕಂತು ಬರುವುದು ಆಡಿಟ್ ಆದ ಮೇಲೆ, ಆಡಿಟ್ ಆಗುವುದು ಎಲ್ಲ ಖರ್ಚಾದ ಮೇಲೆ. ಕೈಯಲ್ಲಿ ಇಲ್ಲದ ರೊಕ್ಕ ಮೊದಲು ಖರ್ಚು ಮಾಡಿ ಆಮೇಲೆ ಕೇಳಬೇಕು. ಇದು ಕಲೆಗೆ ಕೊಡುವ ಅನುದಾನದ ದೊಡ್ಡ ಹುಳುಕು. ದೊಡ್ಡ ಸಂಸ್ಥೆಗಳಿಗೆ ತಡೆದುಕೊಳ್ಳುವ ಶಕ್ತಿ ಇರುತ್ತದೆ. ರೈತರಿಗೆ ಮತ್ತು ಕಲಾವಿದರಿಗೆ ಇಲ್ಲದಿರುವುದು ಅದೊಂದೇ.

ನಿರ್ದೇಶಕರು ತಮ್ಮ 30,000 ಆಮೇಲೆ ತೆಗೆದುಕೊಳ್ಳುತ್ತೇವೆ ಅಂದರು. ಟ್ರಸ್ಟ್ 20,000 ಹಾಕಿತು. ಸೀನರಿಯವರು 9,600ಕ್ಕೆ ತಡೆದರು. ಉಳಿದ 40,000 ಕೊಟ್ಟದ್ದು ಪೇಟೆಯ ಒಂದು ದಲಾಲಿ ಅಂಗಡಿ. ಊರಿನ ಅರ್ಧ ಕಾಯಿ ಅಲ್ಲಿಗೇ ಹೋಗುತ್ತದೆ. ಮುಂದಿನ ಬೆಳೆ ಮೇಲೆ ಮುಂಗಡ ಕೊಡುವ ಹಾಗೆಯೇ ಕೊಟ್ಟರು, ಬಡ್ಡಿ ಹಚ್ಚಲಿಲ್ಲ. ಚುನಾವಣೆ ಕಾಲ, 50,000ಕ್ಕಿಂತ ಜಾಸ್ತಿ ನಗದು ಹಿಡಿದು ಹೋದರೆ ಚೆಕ್‌ಪೋಸ್ಟ್‌ನಲ್ಲಿ ದಾಖಲೆ ಕೇಳುತ್ತಾರೆ, ಒಳಗೇ ಇರಲಿ ಅಂತ ಅವರೇ ಎಣಿಸಿ ಕೊಟ್ಟರು. ಹ್ಯಾಂಡ್‌ಬಿಲ್‌ನಲ್ಲಿ ಅಂಗಡಿ ಹೆಸರು ಇರಲಿ ಅಂದರು. ಅಷ್ಟೇ.

ಅಷ್ಟೇ ಅಲ್ಲ. ನಾಟಕದ ಖಳನಾಯಕ ದಲಾಲಿ ಅಂದೆನಲ್ಲ. ಯಾರೂ ಬದಲಿಸಿ ಅನ್ನಲಿಲ್ಲ. ಅಂಗಡಿಯವರಿಗೆ ಕಥೆ ಏನು ಅಂತಲೂ ಗೊತ್ತಿರಲಿಲ್ಲ. ಆದರೆ ರೊಕ್ಕ ಬಂದ ಮರುವಾರ ತಾಲೀಮಿನಲ್ಲಿ ಆ ಪಾತ್ರ ಮೆಲ್ಲಗೆ 'ಹುಬ್ಬಳ್ಳಿ ಸಾಹುಕಾರ' ಆಗಿತ್ತು. ಮಾತು ಮೊದಲಿನವೇ, ತಕ್ಕಡಿ ಮಾತ್ರ ಹೋಗಿತ್ತು. ನಿರ್ದೇಶಕರು ನೋಡಿದರು, ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ದುಡ್ಡು ಕೊಟ್ಟವರು ಬಾಯಿ ಮುಚ್ಚಿಸಬೇಕಾಗಿಲ್ಲ, ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಅದೇ ಹೊತ್ತಿಗೆ ನನಗೆ ಇನ್ನೊಂದು ನೆನಪಾಯಿತು. ನಾವು ಪ್ರತಿಷ್ಠಾನಕ್ಕೆ ಕಳಿಸಿದ ವರದಿಯಲ್ಲಿ ಕಂತು ತಡವಾದದ್ದನ್ನು ಎಲ್ಲಿಯೂ ಬರೆದಿರಲಿಲ್ಲ.

ಮೊದಲ ಸಂಜೆ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಾಹುಕಾರನ ಪಾರ್ಟು ಮಾಡಿದವನು ಎರಡು ಎಕರೆ ಹೊಲದ ಹುಡುಗ. ಮಾರ್ಚ್‌ನಲ್ಲಿ ಹನ್ನೆರಡು ಚೀಲ ಮಾರಿ ಬಾಡಿಗೆ ಮೈಮೇಲೆ ಹಾಕಿಕೊಂಡು ಬಂದಿದ್ದ. ಎರಡನೇ ಅಂಕದಲ್ಲಿ ಅವನು ಬರೆದ ಮಾತು ಬಿಟ್ಟ. ಟವೆಲ್ಲಿನಲ್ಲಿ ತಕ್ಕಡಿ ಹಿಡಿದ ಹಾಗೆ ಮಾಡಿ, ಪೇಟೆಯಲ್ಲಿ ಲಾಟ್ ಮುಂದೆ ನಿಂತು ಹೇಳುವ ಧಾಟಿಯಲ್ಲಿ, "ಹಸಿ ಐತಿ, ಬಣ್ಣಿಲ್ಲ, ತೊಟ್ಟ ಜಾಸ್ತಿ" ಅಂದ. ಜನ ಎದ್ದು ಕೂಗಿದರು. ಅಂಗಡಿಯವರು ಎಲ್ಲರಿಗಿಂತ ಜೋರಾಗಿ ನಕ್ಕು, ಅವನಿಗೇ 501 ರೂಪಾಯಿ ಆಹೇರಿ ಕೂಗಿಸಿದರು. ಪೇಟೆ ಮಾಡುವವರಿಗೆ ನಗುವುದೂ ಗೊತ್ತಿರುತ್ತದೆ.

ಕೊನೆಯ ಲೆಕ್ಕ

ಕಲಾವಿದರ ಹೆಸರಿಗೆ ಬಂದ ಆಹೇರಿ ಆಯಾ ಕಲಾವಿದರದ್ದೇ, ಅದು ಪದ್ಧತಿ. ಯೋಜನೆಯ ಆದಾಯ ಅಂತ ತೋರಿಸಿ ಅಂದರು ಆಡಿಟರ್. ಬಹಳ ವಾದ ಮಾಡಿ ತಪ್ಪಿಸಿದೆ. ಮಂಡಳಿ ಹೆಸರಿಗೆ ಬಂದದ್ದು 14,300, ಸವಾಲಿನಿಂದ 11,200. ಕೂಡಿ 25,500. ಅದರಲ್ಲಿ ಸೀನರಿಯವರ 9,600 ಎರಡನೇ ರಾತ್ರಿಯೇ ಮುಟ್ಟಿಸಿದೆವು.

ಕೊನೆಯ ಕಂತು ಸೆಪ್ಟೆಂಬರ್‌ನಲ್ಲಿ ಬಂತು. ಮೊದಲು ಅಂಗಡಿಯ 40,000 ತೀರಿಸಿ ಅಂದರು ಊರವರು, ಅವರ ಮುಂದಿನ ಬೆಳೆ ಅಲ್ಲಿಗೇ ಹೋಗಬೇಕು. ಟ್ರಸ್ಟ್‌ನ 20,000 ವಾಪಸ್ ಬರಲೇಬೇಕು ಅಂದರು ಆಡಿಟರ್. ಉಳಿದದ್ದು 15,900. ನಿರ್ದೇಶಕರಿಗೆ 30,000 ಬರಬೇಕಿತ್ತು. 14,100 ಅವರ ತಲೆ ಮೇಲೆ ಹೋಯಿತು.

ಪ್ರತಿಷ್ಠಾನದ ಕೊನೆಯ ನಮೂನೆಯಲ್ಲಿ 'ಸ್ಥಳೀಯ ಕೊಡುಗೆ' ಕಾಲಂ ತುಂಬುವಾಗ ಈ 14,100ವನ್ನೂ ಅಲ್ಲಿಯೇ ಹಾಕಿ ಅಂದರು ನಿರ್ದೇಶಕಿ. ರೈತರ ದಿನಗಳನ್ನು ಹಾಕಿದ್ದೆನಲ್ಲ, ಅದರ ಪಕ್ಕದಲ್ಲಿ. ಹಾಕಿದೆ. ಈ ಸಲ ತಡವಾದ ಕಂತಿನ ತಾರೀಖುಗಳನ್ನೂ ಬರೆದೆ. ಉತ್ತರ ಬಂದಿಲ್ಲ.

2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಅದಾದ ಮೇಲೆ ಊರವರು ತಾವೇ ನಾಟಕ ಮಾಡಿದರು. ಅನುದಾನ ಇಲ್ಲ, ನಾವೂ ಇಲ್ಲ. ಹಳೇ ಸಾಮಾಜಿಕ ನಾಟಕ, ಅದೇ ಪೇಟಿ ಮಾಸ್ತರ, ಅದೇ ಸೀನರಿ. ಕಲಾವಿದೆಯರಲ್ಲಿ ಇಬ್ಬರನ್ನು ನೇರ ಫೋನ್ ಮಾಡಿ ಕರೆಸಿದ್ದರು. ಏಳು ಹೆಂಗಸರಲ್ಲಿ ಇಬ್ಬರು ಈ ಸಲವೂ ನಿಂತರು. ಪಗಾರ ಕೇಳಿದಾಕೆ ಅದರಲ್ಲಿ ಇರಲಿಲ್ಲ. ಈ ಸಲ ಕೊಡುವವರು ಯಾರೂ ಇರಲಿಲ್ಲ. ನಿರ್ದೇಶಕರಿಬ್ಬರನ್ನೂ ಮುಖ್ಯ ಅತಿಥಿ ಅಂತ ಹ್ಯಾಂಡ್‌ಬಿಲ್‌ನಲ್ಲಿ ಹಾಕಿ ಕರೆದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದರು. ಹನ್ನೆರಡು ಗಂಟೆ ಸುಮಾರಿಗೆ ಮೈಕಿನವನು ಬಂದು ಕಿವಿಯಲ್ಲಿ ಕೇಳಿದ: "ಸರ, ನಿಮ್ಮ ಹೆಸರಲೆ ಆಹೇರಿ ಎಷ್ಟು ಕೂಗಲಿ?"